ಅರ್ಧ ಒಣಗಿದ ಮಾತು

ನಾನು ಅರಳಗುಪ್ಪೆಯಿಂದ ಮದುವೆಯಾಗಿ ಈ ಊರಿಗೆ ಬಂದ ವರ್ಷ ಹಸ್ತಾ ಮಳೆ ಹಿಡಿದದ್ದು ಬಿಡಲೇ ಇಲ್ಲ. ತಿಪಟೂರಿನ ಕೊಬ್ಬರಿ ಮಂಡಿಗೆ ಹೋಗಬೇಕಾಗಿದ್ದ ಲಾರಿ ನಿಂತಲ್ಲೇ ನಿಂತಿತ್ತು. ಅಟ್ಟದಿಂದ ಇಳಿಸಿದ ಕಾಯಿ ಹಜಾರದ ತುಂಬ ಗುಡ್ಡೆ ಬಿದ್ದಿತ್ತು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ನಮ್ಮತ್ತೆ ರಂಗಮ್ಮ ಲಾಟೀನು ತಂದು ನಡುವೆ ಇಟ್ಟರು. ಅಕ್ಕಪಕ್ಕದ ಮನೆಯ ಹೆಂಗಸರು ಗೋಣಿಚೀಲ ತಲೆಗೆ ಹಾಕಿಕೊಂಡು ಬಂದು ಸುತ್ತ ಕೂತರು. ಸುಲಿದ ಕಾಯಿಯ ಚಿಪ್ಪನ್ನು ಮಚ್ಚಿನ ಬೆನ್ನಿನಿಂದ ಮೆಲ್ಲಗೆ ತಟ್ಟಿ, ಒಳಗಿನ ಉಂಡೆ ಒಡೆಯದ ಹಾಗೆ ಬಿಡಿಸುವ ಕೆಲಸ ನಮ್ಮದು.

ಈ ಸೀಮೆಯ ಕೊಬ್ಬರಿಯ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಬಲಿತ ಕಾಯನ್ನು ಸಿಪ್ಪೆ ಸಮೇತ ವರ್ಷಕಾಲ ಅಟ್ಟದಲ್ಲಿ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿಹೋಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಎಲ್ಲ ಊರಲ್ಲೂ ಮಾಡುವುದು ಒಂದೇ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಕಡಕಡ ಎನ್ನಬೇಕು. ಹುಟ್ಟಿದಾಗಿನಿಂದ ನೋಡಿದ್ದು, ನಾನೂ ಹಾಗೆಯೇ ಒಂದು ಕಾಯನ್ನು ಎತ್ತಿ ಕಿವಿಗೆ ಹಿಡಿದೆ. ತಟ್ಟುತ್ತಿದ್ದ ಮಚ್ಚುಗಳೆಲ್ಲ ಒಟ್ಟಿಗೆ ನಿಂತುಹೋದವು. ಅತ್ತೆ ಎದ್ದು ಬಂದವರೇ ಕೈಯಿಂದ ಕಿತ್ತುಕೊಂಡರು.

"ಈ ಊರಲ್ಲಿ ಕಾಯಿನ ನೆಲಕ್ಕೆ ತಟ್ಟಿ ನೋಡ್ತಾರೆ ಕಣವ್ವ. ಕಿವಿ ಹತ್ರ ಹಿಡಿಯಲ್ಲ."

"ಯಾಕತ್ತೆ?"

ನನ್ನ ಓರಗಿತ್ತಿ ಗೌರಕ್ಕ ಸೆರಗು ಸರಿಮಾಡಿಕೊಂಡಳು. ಆಗ ಕಂಬಕ್ಕೆ ಒರಗಿ ಕೂತಿದ್ದ ಓಬಜ್ಜಿ ಎಲೆಯಡಿಕೆಯನ್ನು ಒಂದು ದವಡೆಗೆ ತಳ್ಳಿ ಮಾತಾಡಿದಳು. ಓಬಜ್ಜಿ ಪಕ್ಕದ ಮನೆಯವಳು, ಊರಿಗೆಲ್ಲ ಹಿರಿಯಳು. ಮಹಾ ಮುಂಗೋಪಿ. ಕತೆ ಹೇಳುವಾಗ ಯಾರಾದರೂ ಆಕಳಿಸಿದರೆ ಅಲ್ಲಿಗೇ ಬಿಟ್ಟು ಎದ್ದು ಮನೆಗೆ ಹೋಗುವ ಪೈಕಿ.

"ಹೊಸಾ ಹುಡುಗಿ ಕೇಳ್ತಾ ಅವ್ಳೆ, ಹೇಳ್ರೇ ಯಾರಾದ್ರೂ. ಹೇಳಲ್ವಾ? ಹೇಳಕೆ ಮುಖ ಇದ್ರೆ ತಾನೆ! ಮಚ್ಚು ಕೆಳಗಿಡ್ರಿ. ತಟ್ಟೋ ಸದ್ದಲ್ಲಿ ನಾನು ಹೇಳಲ್ಲ."

ಎಲ್ಲರೂ ಮಚ್ಚು ಕೆಳಗಿಟ್ಟರು. ಹೆಂಚಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ಓಬಜ್ಜಿ ನನ್ನ ಕಡೆಗೇ ತಿರುಗಿ ಶುರುಮಾಡಿದಳು.

*

ನೋಡವ್ವ ಅರಳಗುಪ್ಪೆಯವ್ಳೇ, ನಿಮ್ಮೂರಲ್ಲಿ ಹಳೇ ಕಾಲದ ದೇವಸ್ಥಾನ ಐತೆ, ಬ್ಯಾರೆ ಊರಿಂದ ಜನ ಬಂದು ನೋಡ್ಕಂಡು ಹೋಯ್ತಾರೆ. ನಮ್ಮೂರಲ್ಲಿ ಅಂಥದ್ದೇನೂ ಇಲ್ಲ. ಆದ್ರೆ ನಮಗೂ ಒಂದು ಇತ್ತು... ಒಂದು ತೆಂಗಿನಮರ. ನಗಬ್ಯಾಡ. ಈ ಸೀಮೇಲಿ ತೆಂಗಿನಮರ ಒಂದು ಹೆಚ್ಚುಗಾರಿಕೆನಾ ಅಂತ ನಗ್ತೀಯ, ನಂಗೊತ್ತು. ಆ ಮರದ ಕಾಯಿ ಮಾತಾಡೋದು ಕಣವ್ವ. ಅದಕ್ಕೆ ಮಾತುಗಾಯಿ ಅಂತಲೇ ಹೆಸರು.

ಊರಲ್ಲಿ ಒಂದು ವ್ಯಾಜ್ಯ ಬಂತು ಅನ್ನು. ಬದು ಒತ್ತಿದೋನು ಯಾರು, ಕಣದಿಂದ ರಾಗಿ ಹೊತ್ಕಂಡು ಹೋದೋನು ಯಾರು, ಬಸುರಿ ಮಾಡಿ ಕೈಬಿಟ್ಟೋನು ಯಾರು... ಕೋರ್ಟಿಗೆ ಹೋಗ್ತಿರ್ಲಿಲ್ಲ. ಆ ಮರದಿಂದ ಒಂದು ಕಾಯಿ ತಾನಾಗೇ ಬೀಳೋಗಂಟ ಕಾಯೋರು. ಕೀಳಂಗಿಲ್ಲ. ಕಾಯಿ ಕೇಳೋಳು ಅಂತ ಒಬ್ಬ ಹೆಂಗಸು ಇರೋಳು, ಅವ್ಳು ಅದನ್ನ ಮಡಿಲಲ್ಲಿ ಇಟ್ಕಂಡು, ತೊಟ್ಟಿನ ಹತ್ರ ಬಾಯಿ ಇಟ್ಟು, ಕಾಯಿ ಕಣ್ಣು ಇರೋದು ಅದರ ಕೆಳಗೇ ಅಲ್ವಾ, ಅಲ್ಲಿ ಕೇಳಬೇಕಾದ್ದ ಒಂದೇ ಒಂದು ಸಲ ಕೇಳೋಳು. ಕೇಳಿದ್ಲು ಅಂದ್ರೆ ಮುಗೀತು, ಅವಳ ದನಿ ಕಾಯೊಳಗೆ ಹೋಯ್ತು. ಕಾಯಿ ಅಟ್ಟದ ಮ್ಯಾಲೆ, ಅವ್ಳು ಕೆಳಗೆ ಮೂಗಿ. ಒಳಗಿನ ನೀರು ಇಂಗೋಗಂಟ ಅವ್ಳು ಒಂದು ಮಾತಾಡಂಗಿಲ್ಲ, ಆಡ್ತೀನಿ ಅಂದ್ರೂ ಬರಲ್ಲ. ಪೂರ್ತಿ ಒಣಗಿದ ಮ್ಯಾಲೆ ಊರೆಲ್ಲ ಗುಡಿ ಮುಂದೆ ಕೂತ್ಕಂಡು ಆ ಕಾಯಿ ಅಲ್ಲಾಡಿಸಿದ್ರೆ... ಕೊಬ್ಬರಿ ಸದ್ದಲ್ಲ ಬರ್ತಿದ್ದಿದ್ದು. ಮಾತು. ಆ ಹೆಂಗಸಿನ ದನೀಲೇ, ನಿಜ ಏನೋ ಅದೇ, ಒಂದಕ್ಷರ ಹೆಚ್ಚಿಲ್ಲ ಕಮ್ಮಿಯಿಲ್ಲ. ಹೇಳಿ ಮುಗಿಸಿದ ತಕ್ಷಣ ಅವಳ ದನಿ ಅವಳಿಗೆ ವಾಪಸ್ ಬರೋದು.

ಅಂಥಾ ಊರಲ್ಲಿ ಸುಳ್ಳು ಹೇಳಕೆ ಯಾರಿಗೆ ಧೈರ್ಯ? ಹೊಲ ಇಲ್ಲದೋನೂ ತಲೆ ಎತ್ಕಂಡು ಓಡಾಡ್ತಿದ್ದ. ನಮ್ಮವ್ವ ಹೇಳೋಳು, ಆಗೆಲ್ಲ ಮನೆಗಳಿಗೆ ಬೀಗ ಇರ್ಲಿಲ್ಲ ಅಂತ.

ಈಗಿನ ಪಟೇಲರ ಮನೆ ಐತಲ್ಲ, ಅದರ ಹಿರೀಕ ಒಬ್ಬ ಇದ್ದ. ಅವನ ವಿಚಾರವಾಗೇ ಯಾರೋ ಗುಟ್ಟಾಗಿ ಒಂದು ಕಾಯಿ ಕೇಳಿಸಿದ್ರಂತೆ. ಕೇಳಿದೋಳು ಮೀನಾಕ್ಷಮ್ಮ ಅಂತ. ಏನು ಕೇಳಿದ್ಲು ಅಂತ ಊರಿಗೆ ಗೊತ್ತಾಗಲೇ ಇಲ್ಲ, ಅವನಿಗೆ ಮಾತ್ರ ಗೊತ್ತಿತ್ತು. ಕಾಯಿ ಒಣಗೋದ್ರೊಳಗೆ ಆಳು ಕಳಿಸಿ ಮರ ಕಡಿಸಿದ, ಅಟ್ಟದಿಂದ ಕಾಯಿ ಎತ್ಕಂಡು ಬಂದು ತನ್ನ ಮನೆ ಒಲೆಗೆ ಹಾಕಿದ. ಇದೆಲ್ಲ ಮಾಟ, ಇನ್ನು ಮ್ಯಾಲೆ ಊರಲ್ಲಿ ನ್ಯಾಯ ಹೇಳೋನು ನಾನು ಅಂದ. ಮೀನಾಕ್ಷಮ್ಮನ ದನಿ ಒಲೆಯಲ್ಲೇ ಹೋಯ್ತು. ಆ ಮುದುಕಿನ ನಾನು ಸಣ್ಣೋಳಾಗಿದ್ದಾಗ ನೋಡಿದೀನಿ ಕಣವ್ವ. ಬಾಯಿ ಆಡೋದು, ಸದ್ದು ಬರ್ತಿರ್ಲಿಲ್ಲ. ಮಕ್ಳು ಅಣಕಿಸೋವು. ಹಂಗೇ ಸತ್ಲು. ಅವಳ ಮನೆ ಬಿದ್ದೋಯ್ತು, ಆ ಹಾಳುಮನೆ ಜಾಗಕ್ಕೆ ಯಾರೂ ಕಾಲಿಡಲಿಲ್ಲ.

ನಾನು ಹೇಳಬೇಕು ಅಂದ್ಕಂಡಿದ್ದು ಅವಳ ಕತೆಯಲ್ಲ. ಆ ಪಟೇಲನ ಮಗ ಶಂಭುಲಿಂಗಯ್ಯ ಇದ್ದನಲ್ಲ, ಅವನ ಕಾಲದ್ದು. ಎಮರ್ಜೆನ್ಸಿ ಅಂತಾರಲ್ಲ, ಅದಕ್ಕೆ ಒಂದೆರಡು ವರ್ಷ ಮುಂಚೆ. ಪಟೇಲಿಕೆನ ಸರ್ಕಾರ ತೆಗೆದು ಎಷ್ಟೋ ಕಾಲ ಆಗಿತ್ತಂತೆ, ನಮ್ಮೂರಿಗೆ ಯಾರೂ ಬಂದು ಹೇಳಿರ್ಲಿಲ್ಲ! ಅವನ ಮನೆ ಮುಂದೆ ಚಪ್ಪಲಿ ಕೈಯಲ್ಲಿ ಹಿಡ್ಕಂಡು ಹೋಗಬೇಕು. ಹೆಂಚು ಹಾಕ್ಸಬೇಕಾ, ಅವನ್ನ ಕೇಳಬೇಕು. ಮಗಳ ಮದುವೆ ಮಾಡಬೇಕಾ, ಅವನ್ನ ಕೇಳಬೇಕು. ಒಬ್ಬ ರೇಡಿಯೋ ತಂದ ಅಂತ ಅವನ ಮನೆಗೆ ನೀರು ನಿಲ್ಲಿಸಿದ್ದ. ಹೊಡೀತಿರ್ಲಿಲ್ಲ, ಬೈತಿರ್ಲಿಲ್ಲ. ಮೆಲ್ಲಗೆ ನಗ್ತಾ ಮಾತಾಡೋನು... ಅದೇ ಹೆಚ್ಚು ಭಯ.

ನಮ್ಮನೆ ಹಿಂದಲ ಮನೆ ಕಲ್ಲಮ್ಮಂದು. ಗಂಡ ಸತ್ತೋಳು, ಎರಡು ಮಕ್ಳು. ದೊಡ್ಡೋನು ತೋಂಟದಾರ್ಯ, ತಿಪಟೂರಲ್ಲಿ ಪೀಯೂಸಿ ಓದಿದೋನು. ಚಿಕ್ಕೋಳು ಗಿರಿಜಾಂಬಿಕಾ. ಹೆಸರು ದೊಡ್ಡದು, ಹುಡುಗಿ ಇಷ್ಟುದ್ದ. ಎಲ್ರೂ ಗಿರಿಜಾ ಅನ್ನೋರು. ಬಾಯಿ ಅಂದ್ರೆ ಬಾಯಿ ಕಣವ್ವ! ಬೆಳಗಾಗೆದ್ದು ಶುರು ಮಾಡಿದ್ರೆ ಮಲಗೋಗಂಟ ಮಾತು. ದನಿ ಮಾತ್ರ ತಿಳಿಯಾಗಿತ್ತು, ಹಾಡು ಹೇಳಿದ್ರೆ ಬಾವಿ ಹತ್ರ ನೀರು ಸೇದೋರು ಹಗ್ಗ ಬಿಟ್ಟು ನಿಲ್ಲೋರು.

ಶಂಭುಲಿಂಗಯ್ಯ ಊರ ಗೋಮಾಳಕ್ಕೆ ಬೇಲಿ ಹಾಕಿ ತೆಂಗಿನ ಸಸಿ ಇಡ್ಸಿದ. ದನ ಎಲ್ಲಿಗೆ ಹೋಗಬೇಕು? ಎಲ್ರಿಗೂ ಸಿಟ್ಟು, ಬಾಯಿ ಬಿಟ್ಟೋನು ತೋಂಟದಾರ್ಯ ಒಬ್ನೇ. ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಕಂಡೇ ಪಟೇಲನ ತೋಟಕ್ಕೆ ಹೋದ, ಮಾತಾಡಿ ಬತ್ತೀನಿ ಕಣವ್ವ ಅಂತ ತಾಯಿಗೆ ಹೇಳಿ. ಬರಲೇ ಇಲ್ಲ... ಅದೇ ದಿನ ಗುಡಿ ಅಮ್ಮನ ಬೆಳ್ಳಿ ಮುಖವಾಡ ಕಾಣೆಯಾಯ್ತು. ಪಟೇಲ ನಕ್ಕಂಡು ಅಂದ, "ಹುಡುಗ ಮುಖವಾಡ ಹೊಡ್ಕಂಡು ಅಮ್ಮಸಂದ್ರದ ಕಡೆ ಹೋದ್ನಂತೆ, ಸಿಮೆಂಟ್ ಫ್ಯಾಕ್ಟ್ರಿ ಕೆಲಸಕ್ಕೆ." ಅಷ್ಟೇ. ಊರು ನಂಬ್ತಾ? ಇಲ್ಲ. ಆದ್ರೆ ನಂಬಿದೋರ ಥರ ನಡ್ಕತು. ಕಳ್ಳನ ಮನೆ ಅಂತ ಕಲ್ಲಮ್ಮನ ಮನೆಗೆ ಬೆಂಕಿ ನೀರು ಕೊಡೋದು ನಿಲ್ಲಿಸ್ತು. ಅವ್ಳು ದಿನಾ ಮಗನ ತಟ್ಟೆಗೆ ಮುದ್ದೆ ಇಕ್ಕಿ ಬಾಗಿಲ ಹತ್ರ ಕೂತಿರೋಳು. ಅಮ್ಮಸಂದ್ರಕ್ಕೂ ಹೋಗಿ ಬಂದ್ಲು ಪಾಪ, ಫ್ಯಾಕ್ಟ್ರಿ ಬಾಗಿಲಲ್ಲಿ ನಿಂತು ಬರೋರು ಹೋಗೋರ ಮುಖ ನೋಡ್ಕಂಡು.

ಗಿರಿಜಾಗೆ ಆಗ ಹದಿನಾರೋ ಹದಿನೇಳೋ. ಒಂದು ಮಧ್ಯಾಹ್ನ, ಸುಡೋ ಬಿಸಿಲು, ಮೇಕೆ ಹುಡುಕ್ಕಂಡು ಆ ಹಾಳುಮನೆ ಕಡೆ ಹೋಗವ್ಳೆ. ಕುಸಿದ ಗೋಡೆ ಪಕ್ಕ ಒಬ್ಬ ಮುದುಕಿ ನಿಂತವ್ಳೆ. ಬಾಯಿ ಆಡ್ತಾ ಐತೆ, ಸದ್ದಿಲ್ಲ. ನೆತ್ತಿ ಮ್ಯಾಲೆ ಸೂರ್ಯ, ನಮ್ಮದೂ ನಿಮ್ಮದೂ ನೆರಳು ಕಾಲ ಬುಡದಲ್ಲಿ ಇರುತ್ತಲ್ಲ... ಮುದುಕಿಗೆ ಅದೂ ಇಲ್ಲ. ಬೇರೆ ಯಾರಾದ್ರೂ ಆಗಿದ್ರೆ ಜ್ವರ ಬಂದು ಮಲಗೋರು. ಇವ್ಳು ಏನ್ ಮಾಡಿದ್ಲು ಗೊತ್ತಾ? "ಯಾರಜ್ಜಿ ನೀನು, ಜೋರಾಗಿ ಹೇಳು, ಕೇಳ್ಸಲ್ಲ" ಅಂದ್ಲಂತೆ!

ಮುದುಕಿ ಗೋಡೆ ಹಿಂದಕ್ಕೆ ಹೋಯ್ತು, ಇವ್ಳೂ ಹೋದ್ಲು. ಲಂಟಾನ ಪೊದೆ ನಡುವೆ ಒಂದು ತೆಂಗಿನಮರ. ಹಳೇ ಮರದ ಕಾಯೊಂದು ಯಾವಾಗ್ಲೋ ಉರುಳ್ಕಂಡು ಬಂದು ಅಲ್ಲಿ ಮೊಳೆತು ಮರವಾಗಿತ್ತು. ದೆವ್ವದ ಜಾಗ ಅಂತ ಯಾರೂ ಹೋಗ್ತಿರ್ಲಿಲ್ಲವಲ್ಲ, ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ಹುಡುಗಿ ಓಡಿ ಬಂದು ನನ್ನ ಹತ್ರ ಹೇಳಿದ್ಲು. ಮಾತುಗಾಯಿ ಸಂಗತಿ ಅವಳಿಗೆ ನಮ್ಮಂಥೋರು ಹೇಳಿದ ಕತೆಯಾಗಿ ಗೊತ್ತಿತ್ತು, ಅವತ್ತಿಂದ ಅದು ಅವಳಿಗೆ ಕತೆಯಾಗಿ ಉಳೀಲಿಲ್ಲ. ದಿನಾ ಮಧ್ಯಾಹ್ನ ಅಲ್ಲಿಗೆ ಹೋಗೋಳು. ಮುದುಕಿ ಬಾಯಾಡಿಸೋದ ನೋಡಿ ನೋಡಿ ತುಟಿಯಿಂದಲೇ ಮಾತು ಓದೋದ ಕಲಿತ್ಲು. ಹೆಂಗೆ ಮಡಿಲಲ್ಲಿ ಇಟ್ಕಬೇಕು, ಎಲ್ಲಿ ಬಾಯಿ ಇಡಬೇಕು, ಎಲ್ಲಾನೂ ಆ ಸತ್ತೋಳೇ ಹೇಳ್ಕೊಟ್ಲು.

ಆಷಾಢದ ಗಾಳೀಲಿ ಒಂದು ಕಾಯಿ ಬಿತ್ತು. ಅವತ್ತು ಸಂಜೆ ಗಿರಿಜಾ ನಮ್ಮನೆಗೆ ಬಂದು ಅದೂ ಇದೂ ಮಾತಾಡಿದ್ಲು, ಹಾಡು ಹೇಳಿದ್ಲು, ನನ್ನ ಗಂಡನ್ನ ಅಣಕಿಸಿ ನಗ್ಸಿದ್ಲು... ಇನ್ನೊಂದು ವರ್ಷ ಆಡಬೇಕಾದ್ದೆಲ್ಲ ಒಂದೇ ಸಂಜೇಲಿ ಆಡೋಳ ಥರ. ಬೆಳಿಗ್ಗೆ ನೋಡಿದ್ರೆ ಹುಡುಗಿ ಮೂಗಿ. ರಾತ್ರಿನೇ ಆ ಕಾಯಿನ "ನಮ್ಮಣ್ಣ ಎಲ್ಲವ್ನೆ?" ಅಂತ ಕೇಳಿದ್ಲು. ಬೇರೆ ಇನ್ನೇನು ಕೇಳ್ತಾಳೆ? ಕಾಯಿ ಅವರ ಅಟ್ಟ ಹತ್ತಿತು.

ಒಂದು ಮಾತು ಹೇಳ್ತೀನಿ ಕೇಳವ್ವ. ಆ ಕೆಲವು ತಿಂಗಳು ನಮ್ಮೂರು ಇದ್ದಂಗೆ ಹಿಂದೂ ಇರ್ಲಿಲ್ಲ, ಮುಂದೂ ಇಲ್ಲ. ಸುದ್ದಿ ಹೆಂಗಸರಿಂದ ಹೆಂಗಸರಿಗೆ ಹೋಯ್ತು. ಬಾಯಿ ಬಿಟ್ಟು ಯಾರೂ ಏನೂ ಅನ್ನಲಿಲ್ಲ. ಆದ್ರೆ ಕಲ್ಲಮ್ಮನ ಬಾಗಿಲಲ್ಲಿ ಒಂದಿನ ಮಜ್ಜಿಗೆ ಚೊಂಬು, ಒಂದಿನ ಅವರೆಕಾಯಿ. ಜಗಳ ಕಮ್ಮಿಯಾಯ್ತು. ಇವತ್ತಲ್ಲ ನಾಳೆ ನಿಜ ಹೊರಗೆ ಬತ್ತೈತೆ ಅಂತ ಗೊತ್ತಾದ್ರೆ ಮನುಷ್ಯ ಬೆನ್ನು ನೆಟ್ಟಗೆ ಮಾಡ್ಕತಾನೆ ಕಣವ್ವ. ಗಿಡ್ಡಯ್ಯ ಅಂತ ಒಬ್ಬ ಇದ್ದ, ಕಾಯಿ ವ್ಯಾಪಾರದೋನು, ಪುಕ್ಕಲ. ಆ ಗಿಡ್ಡಯ್ಯನೂ ಒಂದಿನ ಪಟೇಲನ ಮನೆ ಮುಂದೆ ಚಪ್ಪಲಿ ಮೆಟ್ಕಂಡೇ ನಡೆದ! ಗಿರಿಜಾ ಜಗಲಿ ಮ್ಯಾಲೆ ಕೂತು ನೋಡಿ, ಸದ್ದಿಲ್ಲದೆ, ಭುಜ ಕುಣಿಸಿ ನಕ್ಕಳು. ಆ ನಗೆ ಈಗಲೂ ನನ್ನ ಕಣ್ಣಲ್ಲೈತೆ.

ಪಟೇಲನಿಗೆ ಗೊತ್ತಾಗದೆ ಇರುತ್ತಾ? ಶಿವರಾತ್ರಿ ಹತ್ರ ಬರುವಾಗ ಒಂದು ಹುಕುಂ ಕೊಟ್ಟ. ಅಟ್ಟದ ಕಾಯಿಗೆಲ್ಲ ಹುಳ ಬಿದ್ದೈತೆ, ಊರಿನ ಅಟ್ಟ ಎಲ್ಲಾ ಖಾಲಿಯಾಗಬೇಕು, ಕಾಯೆಲ್ಲ ನನ್ನ ಅಂಗಳಕ್ಕೆ ಬರಬೇಕು, ನನ್ನ ಆಳುಗಳೇ ಸುಲೀತಾರೆ ಅಂತ. ನಕ್ಕಂಡೇ ಅಂದ.

ಊರೋರು ಹೆದರಿದ್ರು. ಕೊಡದೇ ಹೋದ್ರೆ ಅವನು ಬಿಡಲ್ಲ, ಕೊಟ್ರೆ ಈ ಕಾಯೂ ಒಲೆಗೆ ಹೋಯ್ತದೆ. ಅವನ ಆಳು ಬರೋದ್ರೊಳಗೆ ನಾವೇ ಇಳಿಸಿ ಕೇಳಿಬಿಡೋಣ ಅಂತಾಯ್ತು. ಒಣಗೈತಾ? ಅದ ಹೇಳೋನು ಗಿಡ್ಡಯ್ಯ. ಕಾಯಿ ವಿಷಯದಲ್ಲಿ ಅವನ ಕಿವಿ ತಪ್ಪಿದ್ದೇ ಇಲ್ಲ, ತಿಪಟೂರ ಮಂಡಿಯೋರು ಅವನ ಮಾತಿನ ಮ್ಯಾಲೆ ಗಾಡಿ ತುಂಬೋರು. ಕಲ್ಲಮ್ಮನ ಅಟ್ಟ ಹತ್ತಿದ, ಕಿವಿಗೆ ಹಿಡಿದ, ಮೆಲ್ಲಗೆ ಅಲ್ಲಾಡಿಸಿದ. "ಕಡಕಡ ಅಂತೈತೆ. ಒಂದು ಸ್ವಲ್ಪ ಹಸಿ ಐತೆ ಅಷ್ಟೇ. ಎರಡು ಬಿಸಿಲು ಕಾಣ್ಸಿದ್ರೆ ಸರಿಹೋಯ್ತದೆ" ಅಂದ.

ಅಲ್ಲೇ ಕಣವ್ವ ಕೆಟ್ಟಿದ್ದು! ನಮ್ಮ ಕೊಬ್ಬರಿ ಎಲ್ಲಾ ಹಂಗೇ ತಾನೆ? ಸ್ವಲ್ಪ ನೀರು ಉಳಿದಿದ್ರೆ ಎರಡು ಬಿಸಿಲಿಗೆ ಹಾಕಿ ಮಂಡಿಗೆ ಕಳಿಸ್ತೀವಿ, ಯಾರೂ ಏನೂ ಅನ್ನಲ್ಲ. ನಮ್ಮಪ್ಪ ಮಾಡಿದ್ದು ಅದೇ, ನಿಮ್ಮಪ್ಪ ಮಾಡಿದ್ದು ಅದೇ. ನಮಗೆ ಗೊತ್ತಿದ್ದ ಅಳತೆ ಮಂಡಿ ಅಳತೆ. ನಿಜಕ್ಕೂ ಅದೇ ಅಳತೆ ಸಾಕು ಅಂದ್ಕಂಡೋ. ಗಿಡ್ಡಯ್ಯ ಕೆಟ್ಟೋನಲ್ಲ, ಕೆಲಸ ತಿಳಿದೋನೇ. ಕಸುಬಿನ ಮಾತೇ ಹೇಳಿದ, ಎಲ್ರೂ ತಲೆ ಆಡ್ಸಿದ್ರು.

ಬ್ಯಾಡ ಅಂದೋಳು ಒಬ್ಳೇ ಒಬ್ಳು. ಗಿರಿಜಾ. ಅವಳಿಗೆ ಮೀನಾಕ್ಷಮ್ಮ ಹೇಳ್ಕೊಟ್ಟಿದ್ಲಲ್ಲ, ಒಂದು ತೊಟ್ಟು ಉಳಿದಿದ್ರೂ ಆಗಲ್ಲ ಅಂತ. ಆದ್ರೆ ಹೆಂಗೆ ಹೇಳ್ತಾಳೆ? ದನಿ ಎಲ್ಲೈತೆ? ಅದು ಗಿಡ್ಡಯ್ಯನ ಕೈಯಲ್ಲಿದ್ದ ಕಾಯೊಳಗೈತೆ! ತಲೆ ಅಲ್ಲಾಡಿಸಿದ್ಲು, ಕೈ ಮುಗಿದ್ಲು, ಕಾಯಿನ ಕಿತ್ಕಳಕೆ ಹೋದ್ಲು, ನೆಲದ ಮ್ಯಾಲೆ ಬಿದ್ದು ಹೊರಳಾಡಿದ್ಲು. "ಪಾಪ, ಹೆದರ್ಕಂಡವ್ಳೆ ಮಗ" ಅಂದ್ರು. ಅವಳವ್ವನೇ ಅವಳನ್ನ ತಬ್ಬಿ ಹಿಡ್ಕಂಡ್ಲು, "ಇನ್ನೆಷ್ಟು ದಿನ ಕಾಯಲಿ ಕಂದಾ, ನನ್ನ ಮಗ ಎಲ್ಲವ್ನೆ ಅಂತ ಗೊತ್ತಾಗ್ಲಿ ಬುಡು" ಅಂತ. ಹೆತ್ತೋಳ ಮಾತಿಗೆ ಎದುರು ಹೇಳೋರು ಯಾರು?

ಎರಡು ಬಿಸಿಲು ಕಾಣ್ಸಿದ್ರು. ಗುಡಿ ಮುಂದೆ ಸಿಹಿನೀರು ಬಾವಿ ಐತಲ್ಲ, ನೀನೂ ಅಲ್ಲೇ ನೀರು ತರ್ತೀಯ, ಅದರ ಪಕ್ಕದಲ್ಲಿ ಊರೆಲ್ಲ ಸೇರ್ತು. ಪಟೇಲನೂ ಬಂದ, ಕೊಡೆ ಹಿಡ್ಸಿಕೊಂಡು. ಯಾರೂ ಅವನಿಗೆ ಜಾಗ ಬಿಡಲಿಲ್ಲ ನೋಡು ಅವತ್ತು! ಗಿಡ್ಡಯ್ಯ ಕಾಯಿ ಎತ್ತಿ ಅಲ್ಲಾಡಿಸಿದ.

ಬಂತು ಕಣವ್ವ ದನಿ. ಗಿರಿಜಾ ದನಿ. ಅಷ್ಟು ತಿಂಗಳು ಕೇಳದೇ ಇದ್ದ ದನಿ, ಕಾಯೊಳಗಿಂದ ತಿಳಿಯಾಗಿ... "ನಮ್ಮಣ್ಣ ಅವ್ನೆ... ಪಟೇಲರ ತೋಟದ ಬಾವಿ..." ಅಂತು. ಆಮೇಲೆ ಗುಳುಗುಳು. ನೀರಿನ ಸದ್ದು. ಅಷ್ಟೇ. ಎಷ್ಟು ಅಲ್ಲಾಡಿಸಿದ್ರೂ ಗುಳುಗುಳು.

ತೋಟದ ಬಾವಿ! ಯಾರು ಇನ್ನು ನಿಲ್ತಾರೆ? ಊರಿಗೆ ಊರೇ ಪಟೇಲನ ತೋಟಕ್ಕೆ ನುಗ್ತು. ಬಾವಿ ಸುತ್ತ ಕಲ್ಲುಚಪ್ಪಡಿ ಕಟ್ಟೆ, ಅಗಲವಾಗಿ. ಅದರ ಮ್ಯಾಲೆ ಗಂಡಸರು ಹೆಂಗಸರು ಒಬ್ರ ಮ್ಯಾಲೊಬ್ರು ನಿಂತು ಬಗ್ಗಿ ನೋಡಿದ್ದೇ ನೋಡಿದ್ದು. ಹಗ್ಗಕ್ಕೆ ಕೊಕ್ಕೆ ಕಟ್ಟಿದ ಪಾತಾಳಗರಡಿ ಬಿಟ್ರು. ಈಜೋ ಹುಡುಗರು ಇಳಿದು ತಳ ತಡಕಿದ್ರು. ಬಿದ್ದಿದ್ದ ಬಿಂದಿಗೆ ಸಿಕ್ತು, ಹಳೇ ಹಗ್ಗ ಸಿಕ್ತು. ಮನುಷ್ಯ ಇಲ್ಲ. ಪಟೇಲ ಮಾತ್ರ ಕಟ್ಟೆ ಹತ್ತಲಿಲ್ಲ. ಒಂದು ಮರಕ್ಕೆ ಒರಗಿ ನಿಂತು ನಗ್ತಿದ್ದ. "ಸಿಕ್ನಾ? ಚೆನ್ನಾಗಿ ನೋಡ್ರಪ್ಪ. ನಿಮ್ಮ ಕಾಯಿ ಹೇಳಿದ ಮ್ಯಾಲೆ ಇರಲೇಬೇಕಲ್ಲ" ಅಂದ.

ಜನದ ಮುಖ ಹೆಂಗಾಯ್ತು ಅಂತೀಯಾ... ಒಬ್ಬೊಬ್ಬರೇ ಕಟ್ಟೆ ಇಳಿದ್ರು. ಇಳಿಯುವಾಗ ಒಬ್ಬ ಚಪ್ಪಲಿ ಕಳಚಿ ಕೈಗೆ ತಗಂಡ. ಅವನ್ನ ನೋಡಿ ಇನ್ನೊಬ್ಬ. ನೋಡ್ತಾ ನೋಡ್ತಾ ಎಲ್ರ ಚಪ್ಪಲೀನೂ ಕೈಯಲ್ಲಿ.

ಪಟೇಲ ವಾಪಸ್ ಗುಡಿ ಹತ್ರ ಬಂದು ಮಚ್ಚು ತರ್ಸಿದ. ಎಲ್ರೆದುರಿಗೇ ಕಾಯಿ ಸುಲ್ಸಿ ಒಡೆದ. ಒಳಗೆ ಒಂದು ಹಿಡಿಯಷ್ಟು ನೀರಿತ್ತು. ಚಿಪ್ಪು ಎತ್ತಿ ಆ ನೀರನ್ನ ಸಿಹಿನೀರು ಬಾವಿಗೆ ಸುರಿದ. "ಎಲ್ರೂ ಕುಡೀರಿ. ಎಲ್ರೂ ಮಾತಾಡೋರಂತೆ" ಅಂದು ನಕ್ಕ. ಗಿರಿಜಾ ಬಾಯಿ ದೊಡ್ಡದಾಗಿ ತೆಗೆದ್ಲು. ಕಿರುಚಿದ್ಲು ಅಂತ ಕಾಣ್ತೈತೆ. ನಮಗೇನೂ ಕೇಳಲಿಲ್ಲ. ಹಾಳುಮನೆ ಮರಾನೂ ಅವತ್ತೇ ಕಡಿಸಿದ.

ಆಮೇಲೆ ಆ ಮನೆಗೆ ಯಾರೂ ಮಜ್ಜಿಗೆ ಕೊಂಡೊಯ್ಯಲಿಲ್ಲ. ಸುಳ್ಳು ಹೇಳಿದ ಹುಡುಗಿ ಅಂದ್ರು. ಮೂಗಿಗೆ ಅನ್ನಕೆ ಏನು ಕಷ್ಟ, ಎದುರು ಮಾತಾಡಲ್ಲವಲ್ಲ! ಊಟ ಬಿಟ್ಲು, ಸೊರಗಿದ್ಲು, ಮುಂದಿನ ಕಾಯಿ ಅಟ್ಟಕ್ಕೆ ಏರೋದ್ರೊಳಗೆ ಹೋಗ್ಬಿಟ್ಲು. ಹದಿನೆಂಟು ತುಂಬಿರ್ಲಿಲ್ಲ. ಗಿಡ್ಡಯ್ಯ ಆ ದಿನದಿಂದ ಒಂದು ಕಾಯಿನೂ ಕಿವಿಗೆ ಹಿಡೀಲಿಲ್ಲ, ಅವನ್ನ ನೋಡಿ ಊರೂ ಬಿಟ್ತು. ನಾಚಿಕೆಗೆ ಬಿಟ್ಟಿದ್ದು ಅದು, ಶಾಸ್ತ್ರ ಅಲ್ಲ. ಈಗ ಕೇಳಿದ್ರೆ ಶಾಸ್ತ್ರ ಅಂತಾರೆ.

*

ಕತೆ ಮುಗಿಯಿತೇನೋ ಎಂದುಕೊಂಡೆ. ಅತ್ತೆ ಲಾಟೀನಿನ ಬತ್ತಿ ಏರಿಸುವುದಕ್ಕೆ ಕೈ ಚಾಚಿದರು. ಅಜ್ಜಿ ಬೇಡವೆಂದು ಕೈಯಾಡಿಸಿ, ಎಲೆಯಡಿಕೆ ಉಗುಳಿ ಬಂದು ಮತ್ತೆ ಕೂತಳು. ಈ ಸಲ ದನಿ ತಗ್ಗಿತ್ತು, ಮಳೆಯ ಸದ್ದಿನಲ್ಲಿ ನಾನು ಮುಂದೆ ಬಾಗಿ ಕೇಳಬೇಕಾಯಿತು.

*

ಗಿರಿಜಾ ಹೋದ ಮಾರನೇ ವರ್ಷ ಒಬ್ಬರ ಮನೇಲಿ ಒಂದು ಮಗು ಮಾತು ಕಲೀತು. ಮಕ್ಳು ಮೊದಲು ಏನಂತವೆ? ಅವ್ವ ಅಂತವೆ, ಅಪ್ಪ ಅಂತವೆ. ಈ ಮಗು ತಾಯಿ ಮಡಿಲಲ್ಲಿ ಕೂತು, ತೊದಲದೆ, ಬೆಳೆದ ಹುಡು‌ಗಿ ದನೀಲಿ ತಿಳಿಯಾಗಿ ಅಂತಂತೆ... "ಕಟ್ಟೆ ಕೆಳಗೆ."

ಆಮೇಲೆ ಇನ್ನೊಂದು ಮನೇಲಿ ಇನ್ನೊಂದು ಮಗು. ಅದೇ ದನಿ, ಅದೇ ಮಾತು. "ಕಟ್ಟೆ ಕೆಳಗೆ." ಒಂದೇ ಒಂದು ಸಲ, ಮೊದಲ ಮಾತು ಮಾತ್ರ. ಆಮೇಲೆ ಎಲ್ಲಾ ಮಕ್ಳಂಗೇ ಅವ್ವ ಅಪ್ಪ ಅಂತವೆ, ಜಾಣವಾಗಿ ಬೆಳೀತವೆ. ಆ ಬಾವಿ ನೀರು ಕುಡಿದ ತಾಯಂದಿರ ಮಕ್ಳು.

ತಿಳೀತಾ? ಅವತ್ತು ಕಾಯಿ ಸುಳ್ಳು ಹೇಳಿರ್ಲಿಲ್ಲ ಕಣವ್ವ, ಮುಗಿಸಿರ್ಲಿಲ್ಲ ಅಷ್ಟೇ. ಪಟೇಲರ ತೋಟದ ಬಾವಿ ಕಟ್ಟೆ ಕೆಳಗೆ... ಉಳಿದ ಮಾತು ಆ ಹಿಡಿ ನೀರಲ್ಲಿತ್ತು. ಊರಿಗೆ ಊರೇ ಆ ಹುಡುಗನ್ನ ಹುಡುಕ್ಕಂಡು ಹೋಗಿ, ಅವನ ಮ್ಯಾಲೇ ನಿಂತ್ಕಂಡು ಬಾವಿ ಇಣುಕಿತ್ತು. ಅವನ ತಾಯಿನೂ ನಿಂತಿದ್ಲು. ಒಂದು ಚಪ್ಪಡಿ ಎತ್ತಿದ್ರೆ ಸಾಕಾಗಿತ್ತು.

ಎಲ್ರಿಗೂ ಅರ್ಥ ಆಯ್ತು. ಅರ್ಥ ಆಗದೇ ಇರಕೆ ನಾವೇನು ದಡ್ಡರಾ? ಏನ್ ಮಾಡಿದ್ರು ಗೊತ್ತಾ? ಮಗು ಬಾಯಿ ಮುಚ್ಚಿದ್ರು. ಶಂಭುಲಿಂಗಯ್ಯನ ಕಿವಿಗೆ ಬಿದ್ರೆ ಅಂತ. ಮಗು ಮಾತು ಕಲಿಯೋ ಕಾಲ ಬಂತು ಅಂದ್ರೆ ನಮ್ಮೂರ ಹೆಂಗಸರು ಸೆರಗು ಕೈಯಲ್ಲಿ ಹಿಡ್ಕಂಡೇ ಇರ್ತಾರೆ, ತುಟಿ ಅಲ್ಲಾಡಿದ ತಕ್ಷಣ ಬಾಯಿಗೆ ಒತ್ತಕೆ. ಕಲ್ಲಮ್ಮ ಊರ ತುಂಬ ಮಗನ್ನ ಕೇಳ್ಕಂಡು ಓಡಾಡ್ತಿದ್ಲು, ಮನೆ ಮನೇಲೂ ಉತ್ತರ ಬಾಯಿ ಬಿಡ್ತಿತ್ತು, ಮನೆ ಮನೇಲೂ ಮುಚ್ಚಿದ್ರು. ತಟ್ಟೆಗೆ ಮುದ್ದೆ ಇಕ್ಕಿಕ್ಕಿ, ಗೊತ್ತಾಗದೇನೇ ಸತ್ಲು ಮಹಾತಾಯಿ.

ಶಂಭುಲಿಂಗಯ್ಯನೂ ಸತ್ತ, ನಿದ್ದೇಲಿ, ಸುಖವಾಗಿ. ಈಗಲಾದ್ರೂ ಯಾರಾದ್ರೂ ಒಂದು ಹಾರೆ ತಗಂಡು ಹೋಗಬೋದಲ್ಲ? ಹೋಗಲ್ಲ. ಮಗ ಅವ್ನೆ, ಮೊಮ್ಮಗ ಅವ್ನೆ, ಅವರ ಲಾರೀಲೇ ನಮ್ಮ ಕೊಬ್ಬರಿ ಹೋಗಬೇಕು. ಹಳೇದ ಯಾಕೆ ಕೆದಕೋದು ಅಂತಾರೆ. ಮಧ್ಯಾಹ್ನದ ಹೊತ್ತು ಸಿಹಿನೀರು ಬಾವಿಗೆ ನೀನು ಒಬ್ಳೇ ಹೋಗಬ್ಯಾಡ ಅಂತ ನಿಮ್ಮತ್ತೆ ಹೇಳವ್ಳಾ? ಹೇಳಿರ್ತಾಳೆ. ಅಲ್ಲಿ ಇಬ್ರು ನಿಂತಿರ್ತಾರೆ ಈಗ. ಒಬ್ಳು ಮುದುಕಿ, ಒಬ್ಳು ಹುಡುಗಿ. ಇಬ್ರಿಗೂ ನೆರಳಿಲ್ಲ. ಬಾಯಿ ಆಡ್ತಾ ಇರ್ತೈತೆ.

*

"ಸಾಕು ಬುಡಜ್ಜಿ" ಎಂದರು ಅತ್ತೆ. "ಹೊಸಾ ಹುಡುಗಿ ಹೆದರ್ಕತಾಳೆ."

"ಹೆದರ್ಕಂಡ್ರೆ ಹೆದರ್ಕಳ್ಳಿ. ನೀವು ಹೆದರ್ಕಂಡಿಲ್ವಾ ಇಷ್ಟು ವರ್ಷ?" ಓಬಜ್ಜಿ ಕಂಬ ಹಿಡಿದು ಎದ್ದಳು. ಸಿಟ್ಟು ಬಂದಿತ್ತು, ಕಣ್ಣಲ್ಲಿ ನೀರೂ ಇತ್ತು. "ನಾನು ಸುಳ್ಳು ಹೇಳ್ತೀನಿ ಅನ್ನಿಸಿದ್ರೆ ನಿಮ್ಮ ಗೌರೀನ ಕೇಳವ್ವ. ಹೋದ ತಿಂಗಳು ತಾನೆ ಅವಳ ಮಗು ಮಾತು ಕಲಿತಿದ್ದು. ಮೊದಲ ಮಾತು ಏನಂತು ಅಂತ ಕೇಳು."

ನಾನು ಗೌರಕ್ಕನ ಕಡೆ ತಿರುಗಿದೆ. ಅವಳು ನನ್ನ ಮುಖ ನೋಡಲಿಲ್ಲ. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಾ, "ನಾನು ಒತ್ತಿ ಹಿಡಿಯೋದ್ರೊಳಗೆ ಆಡಿಬಿಡ್ತು ಅಜ್ಜಿ" ಎಂದಳು.

ಓಬಜ್ಜಿ ಗೋಣಿಚೀಲ ತಲೆಗೆ ಹಾಕಿಕೊಂಡು ಹೊಸ್ತಿಲವರೆಗೆ ಹೋಗಿ ನಿಂತಳು. ಹೊರಗೆ ನೀರು ಅಂಗಳ ತುಂಬಿ ಹರಿಯುತ್ತಿತ್ತು.

"ನಿನ್ನ ಹೊಟ್ಟೆ ನೋಡಿದ್ರೆ ಗೊತ್ತಾಯ್ತದೆ ಕಣವ್ವ, ಮೂರು ತಿಂಗಳೋ ನಾಲ್ಕೋ ಇರಬೇಕು. ಈ ಊರಿಗೆ ಬಂದಾಗಿಂದ ನೀನೂ ಆ ನೀರೇ ಕುಡೀತಾ ಇದೀಯ" ಎಂದಳು. "ನಿನ್ನ ಮಗುನಾದ್ರೂ ಒಂದು ಸಲ ಪೂರ್ತಿ ಹೇಳಕೆ ಬುಡು, ತಾಯಿ. ಆ ಹುಡುಗಿ ಹೇಳೋದ ಇನ್ನೂ ನಿಲ್ಲಿಸಿಲ್ಲ."